ಸರ್ವರಿನ ಮೌಲ್ಯ ಪ್ರಸಾರ

ನಮ್ಮ ಸಂಶೋಧನಾ ಸಂಸ್ಥೆಯ ಸರ್ವರ್ ಹನ್ನೊಂದು ವರ್ಷ ಒಂದು ದಿನವೂ ಕೆಡದೆ ನಡೆದದ್ದರಿಂದ ಅದರ ಮೌಲ್ಯ ಯಾರ ಗಮನಕ್ಕೂ ಬಂದಿರಲಿಲ್ಲ. ಕೆಳಮಹಡಿಯ ಕಿಟಕಿಯಿಲ್ಲದ ಕೋಣೆಯಲ್ಲಿ ಅದನ್ನು ನೋಡಿಕೊಳ್ಳಲು ಒಬ್ಬರೇ ತಂತ್ರಜ್ಞರಿದ್ದರು. ಸರ್ವರಿನಲ್ಲಿ ಹೆಚ್ಚು ಜಾಗ ಹಿಡಿದಿದ್ದವರು ನಾವೆಲ್ಲ ನದಿ ಮೇಡಂ ಎನ್ನುತ್ತಿದ್ದ ವಿಜ್ಞಾನಿ. ಊರು ಕುಡಿಯುವ ನದಿಗೆ ವಿಷ ಎಲ್ಲಿಂದ ಸೇರುತ್ತಿದೆ ಎಂದು ಅವರು ಹನ್ನೊಂದು ವರ್ಷ ಪ್ರತಿದಿನ ಅಳೆದಿಟ್ಟಿದ್ದರು.

ಅಳತೆಗಳ ಇನ್ನೊಂದು ಪ್ರತಿ ಇಡಲು ತಂತ್ರಜ್ಞರು ಎರಡು ಡಿಸ್ಕ್ ಕೇಳಿದರು.

"ಕೊಡೋಣ," ಎಂದರು ನಿರ್ದೇಶಕರು. "ಆದರೆ ಈ ಸರ್ವರಿನಿಂದ ಏನು ಉಪಯೋಗ ಅಂತ ಮೊದಲು ಮೇಲಿನವರಿಗೆ ಗೊತ್ತಾಗಬೇಕಲ್ಲ."

ಆದಕಾರಣ ಆರು ಜನರ ಮೌಲ್ಯ ಪ್ರಸಾರ ಘಟಕ ಸ್ಥಾಪನೆಯಾಯಿತು. ಮುಖ್ಯಸ್ಥರು ನಿರ್ದೇಶಕರ ಭಾವಮೈದುನ. ಪಕ್ಷಪಾತದ ಮಾತು ಬರಬಾರದೆಂದು ಆಯ್ಕೆ ಸಮಿತಿಯಲ್ಲಿ ನಿರ್ದೇಶಕರು ಕೂರಲಿಲ್ಲ. ಅವರ ಪತ್ನಿ ಕೂತರು.

ಘಟಕದ ಮೊದಲ ಸುತ್ತೋಲೆ ಹೀಗಿತ್ತು: "ಸರ್ವರ್ ಬಳಸಿದ ಪ್ರತಿಯೊಬ್ಬರೂ ತಮಗಾದ ಸಂತೋಷವನ್ನು ನಮೂನೆ ಒಂಬತ್ತರಲ್ಲಿ ತುಂಬತಕ್ಕದ್ದು. ಸಂತೋಷವಾಗದಿದ್ದಲ್ಲಿ ಪೂರ್ವಾನುಮತಿ ಪಡೆಯತಕ್ಕದ್ದು."

ಆಮೇಲೆ ಘಟಕ ಸರ್ವರಿನ ಬಗ್ಗೆ ನಲವತ್ತು ಚಲನಚಿತ್ರ ತೆಗೆಯಿತು. ಅವನ್ನು ಸರ್ವರಿನಲ್ಲೇ ಇಟ್ಟದ್ದರಿಂದ ಜಾಗ ಮುಗಿಯಿತು.

"ಯಾರು ಜಾಸ್ತಿ ಜಾಗ ತಿಂದಿದ್ದಾರೆ?" ಎಂದು ಮುಖ್ಯಸ್ಥರು ಕೇಳಿದರು.

"ನದಿ ಮೇಡಂ, ಸರ್. ಆದರೆ ಅದು ಅಳತೆ. ಸರ್ವರ್ ಇರೋದೇ ಅದಕ್ಕೆ," ಎಂದರು ತಂತ್ರಜ್ಞರು.

"ಅಳತೆ ಯಾರು ನೋಡ್ತಾರ್ರೀ? ಚಿತ್ರ ಆದ್ರೆ ಸಚಿವರೇ ನೋಡ್ತಾರೆ."

ಅಳತೆಗಳನ್ನು ಅಳಿಸುತ್ತಾರೆಂದು ಕೇಳಿ ಮೇಡಂ ಮೆಟ್ಟಿಲು ಹತ್ತಿ ಬಂದರು. "ಇದನ್ನ ಅಳಿಸಿದ್ರೆ ಇನ್ನೂ ಹನ್ನೊಂದು ವರ್ಷ ಕಾಯಬೇಕಾಗುತ್ತೆ."

"ಕಾಯಿರಿ ಮೇಡಂ. ನದಿ ಎಲ್ಲಿಗೆ ಹೋಗುತ್ತೆ?"

"ಸಮುದ್ರಕ್ಕೆ."

ನದಿಯ ಗಮ್ಯಸ್ಥಾನವನ್ನು ವಿಜ್ಞಾನಿಗಳು ದೃಢಪಡಿಸಿದರೆಂದು ಘಟಕದ ಸಭೆಯ ನಡಾವಳಿಯಲ್ಲಿ ಬರೆದುಕೊಳ್ಳಲಾಯಿತು.

ತಂತ್ರಜ್ಞರು ಲಿಖಿತ ಆದೇಶ ಬೇಕೆಂದು ಹಟ ಹಿಡಿದರು. ಡಿಸ್ಕಿನ ಅರ್ಜಿ ಹತ್ತು ತಿಂಗಳಿಂದ ಪರಿಶೀಲನೆಯಲ್ಲಿತ್ತು. ಅಳಿಸುವ ಆದೇಶ ಹತ್ತು ನಿಮಿಷದಲ್ಲಿ ಬಂತು. ತಂತ್ರಜ್ಞರು ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟು ಮತ್ತೆ ತೆಗೆದರು. ಮೇಡಂ ಪಕ್ಕದಲ್ಲಿ ನಿಂತಿದ್ದರು.

"ನನ್ನ ಕೈಲಿ ಆಗಲ್ಲ, ಮೇಡಂ."

"ಒತ್ತಿಬಿಡಿ. ನಿಮ್ಮ ಕೆಲಸಾನೂ ಹೋಗೋದು ಬೇಡ."

ಒತ್ತಿದರು. ಮೇಡಂ ಗೋಡೆ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು.

ಆ ವರ್ಷ ನಮ್ಮ ಸಂಸ್ಥೆಗೆ ಅತ್ಯುತ್ತಮ ಸರ್ವರ್ ಪ್ರಶಸ್ತಿ ಬಂತು. ಸಮಾರಂಭದಲ್ಲಿ ತೋರಿಸಿದ ಚಿತ್ರದ ಹೆಸರು "ನದಿಯನ್ನು ಉಳಿಸಿದ ಯಂತ್ರ." ಅಳತೆಗಳನ್ನು ನೋಡಬಹುದೇ ಎಂದು ಸಚಿವರು ಕೇಳಿದಾಗ ಮುಖ್ಯಸ್ಥರು ಮಿನುಗುವ ಹಸಿರು ದೀಪವೊಂದನ್ನು ಪರದೆಯ ಮೇಲೆ ತೋರಿಸಿದರು. ಸಚಿವರಿಗೆ ತೃಪ್ತಿಯಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ತಂತ್ರಜ್ಞರೂ ತಟ್ಟಿದರು.

ಮಾರನೆಯ ಬೆಳಿಗ್ಗೆ ಮೇಡಂ ಬಾಟಲಿ ಹಿಡಿದು ನದಿಗೆ ಹೋದರು, ಮೊದಲ ದಿನದ ಅಳತೆ ತೆಗೆಯಲು. ಘಟಕದ ಛಾಯಾಗ್ರಾಹಕರು ಆಗಲೇ ದಡದಲ್ಲಿ ಕಾಯುತ್ತಿದ್ದರು.

"ಸ್ವಲ್ಪ ನಗಿ, ಮೇಡಂ."

ಮೇಡಂ ನಕ್ಕರು.

"ಇನ್ನೊಂದ್ಸಲ. ಬಾಟಲಿಯಲ್ಲಿ ನೀರು ಸರಿಯಾಗಿ ಕಾಣಲಿಲ್ಲ."

ಅವರು ಬಾಟಲಿ ಮೇಲಕ್ಕೆತ್ತಿ ಇನ್ನೊಂದು ಸಲ ನಕ್ಕರು.