ಗೋಡೆಗೆ ಹೋಗುವ ಮೆಟ್ಟಿಲು

ಆ ಸರ್ಕಾರಿ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್‌ಗಳನ್ನು ನಾಲ್ಕು ತಿಂಗಳಿಗೊಮ್ಮೆ ಮಂಚದ ಚಾದರದಂತೆ ಕಿತ್ತು ಬೇರೆ ವಾರ್ಡಿಗೆ ಹಾಸುತ್ತಿದ್ದರು. ಮೂಳೆ ವಾರ್ಡಿನವರ ಬಾಯಲ್ಲಿ ‘ಕಾಲು ಡಾಕ್ಟ್ರು’ ಆಗಿದ್ದವನಿಗೆ ಇಂದು ಅಲ್ಲಿ ಕೊನೆಯ ದಿನ. ಆಗಬೇಕಿತ್ತು. ಆದರೆ ಬೆಳಿಗ್ಗೆಯೇ ಮುಖ್ಯಸ್ಥೆ ಮೇಡಂ ಕರೆದು, “ಆರನೇ ಮಂಚದ ಅಜ್ಜಿ ನಾಲ್ಕು ಮೆಟ್ಟಿಲು ಹತ್ತದೆ ನೀವು ಹೊರಡೋ ಹಾಗಿಲ್ಲ. ಅರ್ಧಕ್ಕೆ ಬಿಟ್ಟ್ರೆ ಇನ್ನೂ ನಾಲ್ಕು ತಿಂಗಳು ಇಲ್ಲೇ” ಎಂದುಬಿಟ್ಟರು.

ವ್ಯಾಯಾಮದ ಕೋಣೆಯಲ್ಲಿ ನಾಲ್ಕು ಮರದ ಮೆಟ್ಟಿಲುಗಳಿದ್ದವು. ಸೊಂಟದ ಆಪರೇಷನ್ ಆಗಿದ್ದ ಅಜ್ಜಿ ಅವನ್ನು ಮೇಲಿಂದ ಕೆಳಗೆ ನೋಡಿದರು.

“ಹತ್ತಿ ಎಲ್ಲಿಗಪ್ಪಾ ಹೋಗೋದು?”

“ಎಲ್ಲಿಗೂ ಇಲ್ಲ ಅಜ್ಜಿ. ಹತ್ತಿ ಇಳಿಯೋದು, ಅಷ್ಟೇ.”

“ಮೇಲೆ ಬರೀ ಗೋಡೆ ಇದೆ. ಗೋಡೆ ಮಾತಾಡಿಸೋಕೆ ಹತ್ತೋಕೆ ನಂಗೇನು ಹುಚ್ಚಾ?”

ಉಳಿದ ಐವರು ರೋಗಿಗಳು ಪಾಸಾಗಿ, ಸಂಜೆ ಮನೆಗೆ ಹೊರಡುವವರು. ಬೇರೆ ಕೆಲಸವಿಲ್ಲದೆ ಸುತ್ತ ನೆರೆದಿದ್ದರು. “ರೈಟ್! ರೈಟ್!” ಎಂದು ಮೊಣಕಾಲು ಮುರಿದಿದ್ದ ಬಸ್ ಕಂಡಕ್ಟರ್ ಕೂಗಿದ. “ಇನ್ನೊಂದ್ಸಲ ಮಾಡಿ ತೋರಿಸಿ, ನಂಗೂ ಅರ್ಥ ಆಗ್ಲಿಲ್ಲ” ಎಂದರು ಮಣಿಕಟ್ಟಿನ ಟೀಚರಮ್ಮ. ಒಳ್ಳೇ ಕಾಲು ಮೊದಲು, ನೋವಿನ ಕಾಲು ಆಮೇಲೆ ಎನ್ನುತ್ತ ಕಾಲು ಡಾಕ್ಟ್ರು ಹನ್ನೊಂದು ಸಲ ಹತ್ತಿ ಇಳಿದ. ಹನ್ನೆರಡನೇ ಸಲ ಕಾಲು ಜಾರಿ, ಕುರ್ಚಿಯಲ್ಲಿದ್ದ ಕಂಡಕ್ಟರನ ತೊಡೆಯ ಮೇಲೆ ಕೂತ.

“ಸೀಟಿಲ್ಲ, ನಿಂತ್ಕೊಂಡು ಬನ್ನಿ!” ಎಂದ ಕಂಡಕ್ಟರ್.

ಬಾಗಿಲಲ್ಲಿ, ಎಲ್ಲರೂ ‘ಮೀಸೆ’ ಎಂದೇ ಕರೆಯುವ ಹೊರರೋಗಿ ವಿಭಾಗದ ಸಹೋದ್ಯೋಗಿ ಇಣುಕಿದ. “ಏನಯ್ಯಾ, ಇನ್ನೂ ಇಲ್ಲೇ ಇದ್ದೀಯಾ? ನಾನು ಆಗಲೇ ಎರಡನೇ ಟೀ ಮುಗಿಸ್ದೆ.”

ಕಾಲು ಡಾಕ್ಟ್ರಿಗೆ ಮೈಯೆಲ್ಲ ಉರಿದುಹೋಯಿತು. ಆ ಉರಿಯಲ್ಲೇ ತಲೆಯಲ್ಲಿ ದೀಪ ಹತ್ತಿತು. ಅಜ್ಜಿ ಯಾರಿಗೂ ಮುಟ್ಟಲು ಬಿಡದ ಬಿಸ್ಕತ್ತಿನ ಡಬ್ಬಿಯನ್ನು ತಂದು, ಮೆಟ್ಟಿಲ ತುದಿಯ ಗೋಡೆಯ ಗೂಡಿನಲ್ಲಿಟ್ಟ.

“ಕಂಡಕ್ಟ್ರೇ, ಒಂದು ತಗೊಳ್ಳಿ.”

“ಯಾವನೋ ಅವನು!” ಎಂದವರೇ ಅಜ್ಜಿ ಕಂಬಿ ಹಿಡಿದು ಸರಸರ ಹತ್ತಿದರು. ಒಳ್ಳೇ ಕಾಲು ಮೊದಲು, ನೋವಿನ ಕಾಲು ಆಮೇಲೆ. ಡಬ್ಬಿ ತೆರೆದು ಅಲ್ಲೇ ಎಣಿಸಿದರು. “ಎರಡು ಕಮ್ಮಿ!” ಕಂಡಕ್ಟರ್ ತುಟಿಯ ಮೇಲಿನ ಪುಡಿ ಒರೆಸಿಕೊಂಡ.

ಕೆಲಸ ಕೈಗೂಡಿತು! ಕಾಲು ಡಾಕ್ಟ್ರು ಬಿಡುಗಡೆಯ ಚೀಟಿಗಳನ್ನು ಬರೆಯಲು ಕೂತ. ‘ವಾರಕ್ಕೊಮ್ಮೆ ಹೊರರೋಗಿ ವಿಭಾಗಕ್ಕೆ ಬರುವುದು’ ಎಂದು ಬರೆಯುವುದು ವಾಡಿಕೆ. ಮೀಸೆಯ ಟೀ ನೆನಪಾಯಿತು. ‘ದಿನವೂ ಬರುವುದು. ಒಂದೊಂದು ಗಂಟೆ. ನಾಲ್ಕು ತಿಂಗಳು’ ಎಂದು ಆರೂ ಚೀಟಿಗಳ ಮೇಲೆ ಕೈ ಬಿಚ್ಚಿ ಬರೆದ. ಮೇಡಂ ಮೆಚ್ಚಿಕೊಂಡು ಮುದ್ರೆ ಒತ್ತಿದರು.

“ಎಷ್ಟು ಕಾಳಜಿ ರೀ ನಿಮಗೆ! ಹೋಗಿ, ಹೊಸ ಡ್ಯೂಟಿ ಪಟ್ಟಿ ಅಂಟಿಸಿದೀನಿ, ನೋಡ್ಕೊಳ್ಳಿ.”

ಸಿಳ್ಳೆ ಹಾಕುತ್ತ ಹೋದವನ ಸಿಳ್ಳೆ ಪಟ್ಟಿಯ ಮುಂದೆ ನಿಂತುಹೋಯಿತು. ನಾಳೆಯಿಂದ ಮೂಳೆ ವಾರ್ಡಿಗೆ ಮೀಸೆ. ಹೊರರೋಗಿ ವಿಭಾಗಕ್ಕೆ ತಾನು.

“ಆರು ಮಂಚನೂ ಖಾಲಿ ಮಾಡಿಕೊಟ್ಟೆಯಲ್ಲೋ ಮಾರಾಯ, ನಿನ್ನ ಹೊಟ್ಟೆ ತಣ್ಣಗಿರಲಿ” ಎಂದ ಮೀಸೆ, ಮೂರನೇ ಟೀ ಊದುತ್ತ.

ಅಷ್ಟರಲ್ಲಿ ಅಜ್ಜಿ ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕಂಕುಳಲ್ಲಿ ಡಬ್ಬಿಯೊಂದಿಗೆ ಬಂದು ಕಾಲು ಡಾಕ್ಟ್ರ ಗಲ್ಲ ಹಿಡಿದರು.

“ದಿನಾ ಬಾ ಅಂತ ಬರೆದಿದ್ದೀಯಂತೆ ಕಣಪ್ಪಾ. ಬರ್ತೀನಿ. ಆದ್ರೆ ಮೊದಲು ನಿನ್ನ ಬಾಯಿ ತೆಗಿ, ನೋಡೋಣ. ಆ ಎರಡನೇ ಬಿಸ್ಕತ್ತು ತಾನು ತಿಂದಿಲ್ಲ ಅಂತಾನೆ ಕಂಡಕ್ಟರ್!”