ಮೂರು ಪಾಲಿನ ರಿವಾಲ್ವರ್

ಹಳೇ ರಿವಾಲ್ವರುಗಳ ಹುಚ್ಚು ಹಿಡಿದ ನನ್ನಂಥ ದನದ ಡಾಕ್ಟರ್ ಎಲ್ಲಿಗೆ ಹೋದರೂ ಒಂದಿಲ್ಲೊಂದು ಫಜೀತಿ ತಪ್ಪಿದ್ದಲ್ಲ. ನನಗೆ ಲೈಸೆನ್ಸು ಇತ್ತು, ಗುಂಡು ಹಾರಿಸುವ ಆಸೆ ಮಾತ್ರ ಇರಲಿಲ್ಲ. ಅಜ್ಜಂದಿರ ಕಾಲದ ಆ ಕಬ್ಬಿಣ ಕೈಗೆ ಸಿಕ್ಕರೆ ಊಟವೂ ಬೇಡ.

"ನಿಮಗ್ಯಾಕ್ರೀ ಪಿಸ್ತೂಲು?" ಎಂದು ಪಾಮನಕಲ್ಲೂರಿನ ಗೌಡರೊಬ್ಬರು ಕೇಳಿ, ತಾವೇ ಉತ್ತರವನ್ನೂ ಕೊಟ್ಟರು: "ನಿಮ್ಮ ಔಷಧಕ್ಕ ಎತ್ತು ಏಳಲಿಲ್ಲಂದ್ರ ಬೇಕಾಗ್ತೈತಿ ಬಿಡ್ರಿ."

ಮಸ್ಕಿಯ ಊದುಗೊಳವಿ

ಪೊಲೀಸ್ ಆಕ್ಷನ್ ಮುಗಿದು ಕೆಲವು ವರ್ಷಗಳಾಗಿದ್ದವು. ಮಸ್ಕಿಯಲ್ಲಿ ಒಂದು ಎಮ್ಮೆ ಈಯಲಾರದೆ ಒದ್ದಾಡುತ್ತಿತ್ತು. ಬಿಸಿನೀರು ಕೇಳಿದೆ. ಮನೆಯಾಕೆ ಹಿತ್ತಲ ಒಲೆ ಊದುತ್ತಿದ್ದ ಕೊಳವೆ ಕಂಡು ಎಮ್ಮೆಯೇ ಮರೆತುಹೋಯಿತು. ಅದು ರಿವಾಲ್ವರಿನ ನಳಿಗೆ! ಬೆಣೆ ತೆಗೆದರೆ ಮೂರು ತುಂಡಾಗಿ ಬಿಚ್ಚಿಕೊಳ್ಳುವ ಜಾತಿಯದು. ಅಂಥದ್ದೊಂದು ಇಡಿಯಾಗಿ ಸಿಗಲೆಂದು ಎಷ್ಟು ಹಂಬಲಿಸಿದ್ದೆ!

ಎಮ್ಮೆ ಹೆಣ್ಣುಕರು ಹಾಕಿತು. ಆ ಖುಷಿಯಲ್ಲಿ ಯಜಮಾನರು ನಳಿಗೆ ಕೊಟ್ಟರು, ಆಕೆಗೆ ನಾನು ಹೊಸ ಊದುಗೊಳವಿ ಕೊಡಿಸಿದೆ.

"ಉಳಿದದ್ದೆಲ್ಲೈತ್ರಿ?" ಎಂದೆ.

"ಲಿಂಗಸುಗೂರು ದಂಡಿನ ಛಾವಣಿ ದೊರಿ ನಮ್ಮಜ್ಜಗ ಕೊಟ್ಟಿದ್ದರಿ. ಅಣ್ತಮ್ರು ಬ್ಯಾರಿ ಆದಾಗ ಮೂರು ಪಾಲು ಮಾಡಿದ್ವಿ. ಹಿಡಿಕಿ ಸಿಂಧನೂರು ತಮ್ಮಗ, ಆರು ತೂತಿನ ಉರುಳಿ ಲಿಂಗಸುಗೂರು ತಮ್ಮಗ."

"ಆಕ್ಷನ್ ಆದ ಮ್ಯಾಲ ಸರ್ಕಾರ ಹತ್ಯಾರ ಒಪ್ಪಿಸ್ರಿ ಅಂದಾಗ ಏನಂದ್ರಿ?"

"ನಮ್ಮನ್ಯಾಗ ಪಿಸ್ತೂಲಿಲ್ಲ ಅಂದ್ವಿ. ಮೂರೂ ಮಂದಿ ಖರೇನ ಹೇಳೀವ್ರಿ!"

ಸಿಂಧನೂರಿನ ಕೊಡತಿ

ಸಿಂಧನೂರಿನ ತಮ್ಮ ಆ ಹಿಡಿಕೆಯನ್ನೇ ಕೊಡತಿ ಮಾಡಿಕೊಂಡು ದನದ ಗೂಟ ಬಡಿಯುತ್ತಿದ್ದರು. ಒಂದೊಂದು ಏಟೂ ನನ್ನ ಎದೆಗೇ ಬಿತ್ತು. "ನಿಲ್ಲಸ್ರೀ!" ಎಂದು ಚೀರಿಬಿಟ್ಟೆ. ಕೊಡಿ ಎಂದರೆ ಒಪ್ಪಲಿಲ್ಲ.

"ನಿಮ್ಮಣ್ಣಾರು ತಮ್ಮ ಪಾಲು ಕೊಟ್ಟಾರಲ್ರಿ," ಎಂದೆ.

"ಅವ ಕೊಟ್ಟಾನ? ಅವಗಿಂತ ನಾ ಏನು ಕಡಿಮಿ? ತಗೋರಿ ಹಿಡಿಕಿ! ಗೂಟಾನೂ ಒಯ್ರಿ!"

ಲಿಂಗಸುಗೂರಿನ ಜಗಲಿ

ಕಿರಿಯ ತಮ್ಮನ ಮನೆಯಲ್ಲಿ ಉರುಳೆ ದೇವರ ಜಗಲಿಯ ಮೇಲಿತ್ತು. ಆರು ತೂತಿಗೆ ಆರು ಊದಿನಕಡ್ಡಿ!

"ದೇವರ ಮುಂದಿಂದು ನಾನೊಬ್ಬನ ಕೊಡಾಕ ಬರಂಗಿಲ್ರಿ. ಅಣ್ಣಾರಿಬ್ರೂ ಬಂದು ಹೂಂ ಅನ್ಲಿ," ಎಂದರು.

ಮಾತು ಬಿಟ್ಟಿದ್ದ ಅಣ್ಣಂದಿರನ್ನು ಕಾಡಿ ಬೇಡಿ ಕರೆತಂದೆ. ಬಳಗಾನೂರಿಗೆ ಕೊಟ್ಟಿದ್ದ ಅವರ ತಂಗಿಯೂ ಸುದ್ದಿ ತಿಳಿದು ಬಂದರು.

ಮೂರನ್ನೂ ಜೋಡಿಸಿ ಬೆಣೆ ಹೊಡೆದೆ. ಹಿಡಿಕೆಯ ಮೇಲಿನ ಕುದುರೆ ಹಿಂದಕ್ಕೆಳೆದರೆ ಉರುಳೆ ಟಕ್ಕನೆ ತಿರುಗಿತು! ನನಗೆ ಕುಣಿಯುವಷ್ಟು ಸಂತೋಷ. "ಡಾಕ್ಟರ್ರ ಇಟ್ಕೋಲಿ," ಎಂದು ಮೂವರೂ ಒಪ್ಪಿದರು.

ಆಗ ತಂಗಿ ಎದ್ದು ನಿಂತರು. "ಹೆಣ್ಣುಮಕ್ಕಳಿಗೂ ಪಾಲೈತಿ ಅಂತ ಹೊಸ ಕಾಯ್ದೆ ಬಂದೈತಂತ. ನನ್ನ ಪಾಲೆಲ್ಲಿ ಅಣ್ಣಾ?"

ಮೂವರಿಗೂ ಹೊಲ ನೆನಪಾಗಿರಬೇಕು, ಮುಖ ಸಪ್ಪಗಾದವು. ಹಿರಿಯರು ನನ್ನ ಕೈಯಲ್ಲಿದ್ದ ರಿವಾಲ್ವರ್ ಕಸಿದು ಆಕೆಯ ಉಡಿಯಲ್ಲೇ ಹಾಕಿದರು. "ತಗೋ ತಂಗಿ, ಇಡೀದು ನಿಂದ!"

ನನ್ನ ಜೀವವೇ ಹೋದಂತಾಯಿತು. "ಆಗ್ಲಿ ಅಕ್ಕಾರ, ನಿಮ್ಮನ್ಯಾಗ ಇರ್ಲಿ. ಆದ್ರ ಬಿಚ್ಚಬ್ಯಾಡ್ರಿ," ಎಂದು ಕೈಮುಗಿದೆ.

ಆಕೆ ಅದನ್ನು ತಿರುಗಿ ನನ್ನ ಕೈಗೇ ಕೊಟ್ಟರು. "ಈಗ ನೀವ ಬಿಚ್ಚಿ ಕೊಟ್ಟುಬಿಡ್ರಿ ಡಾಕ್ಟರ್ರ. ನನಗೂ ಮೂರು ಮಂದಿ ಗಂಡುಮಕ್ಕಳದಾರ."