ಅರವತ್ತು ನಿಮಿಷ ಅಂದ್ರೆ ಎಷ್ಟು ಹೊತ್ತು?

ಮ್ಯಾನೇಜರ್: ಹೇಳಿದ್ದೆನೋ ಇಲ್ವೋ ಭಾವ? ಸೀಟಿ ಕೇಳಿದ ತಕ್ಷಣ ಗಡಿಯಾರ ನಿಲ್ಲಿಸಿ ಅಂತ ಬೆಳಿಗ್ಗೆಯಿಂದ ಹತ್ತು ಸಲ ಬಡ್ಕೊಂಡಿದ್ದೆನೋ ಇಲ್ವೋ?

ಭಾವ: ಹೇಳಿದ್ದೆ. ನಾನೂ ಕೇಳಿಸ್ಕೊಂಡೆ. ಒಪ್ಕೊಂಡೆ ಅಂತ ಯಾವಾಗ ಅಂದೆ?

ಐಸ್ ಹಾಕಿ ಅಂಕಣದ ಅಂಚಿನಲ್ಲಿ, ಗಾಜಿನ ಗೋಡೆಗೆ ಅಂಟಿಕೊಂಡಂತೆ ಗಡಿಯಾರದ ಕೋಣೆ. ಕೋಣೆ ಅನ್ನುವುದು ಮರ್ಯಾದೆಗೆ ಕೊಟ್ಟ ಹೆಸರು. ಇದ್ದದ್ದು ಒಂದು ಮೇಜು, ಎರಡು ಕುರ್ಚಿ, ಗಡಿಯಾರ ನಿಲ್ಲಿಸುವ ಒಂದು ಕೆಂಪು ಗುಂಡಿ, ಕಾಲ ಬಳಿ ಒಂದು ಹೀಟರು. ಅಂಕಣದ ಮ್ಯಾನೇಜರ್ ಸುಮ್ಮಸುಮ್ಮನೆ ಸಿಟ್ಟಾಗುವ ಆಸಾಮಿಯಲ್ಲ. ಸಿಟ್ಟಾಗಲು ಅವನಿಗೆ ಪುರುಸೊತ್ತಾದರೂ ಎಲ್ಲಿ? ಬಾಗಿಲಲ್ಲಿ ಟಿಕೆಟ್ ಹರಿಯುವವನೂ ಅವನೇ, ಬಿಡುವಿನಲ್ಲಿ ಐಸನ್ನು ನುಣುಪು ಮಾಡುವ ಗಾಡಿ ಓಡಿಸುವವನೂ ಅವನೇ. ಗಡಿಯಾರ ನೋಡಿಕೊಳ್ಳುವವನು ಜ್ವರ ಬಂದು ಮಲಗಿದ್ದ. ಮ್ಯಾನೇಜರ್ ತನ್ನ ಅಕ್ಕನ ಮಾತು ಕೇಳಿ ಅವಳ ಗಂಡನನ್ನು ತಂದು ಕೂರಿಸಿದ್ದ. ಭಾವ ನೆಲದ ಮೇಲೆ ಆಡುವ ಹಾಕಿಗೆ ಮೂವತ್ತು ವರ್ಷ ಅಂಪೈರ್ ಆಗಿದ್ದವರು. ಹಾಕಿ ಅಂದರೆ ಹಾಕಿ ತಾನೆ, ಎಂದುಕೊಂಡಿದ್ದ. ಕೆಟ್ಟದ್ದು ಅಲ್ಲೇ.

ಮ್ಯಾನೇಜರ್: ಇಪ್ಪತ್ತು ನಿಮಿಷದ ಭಾಗ ಭಾವ ಇದು! ನಿಂತು ನಿಂತು ಮುಗಿಯೋಕೆ ನಲವತ್ತು ನಿಮಿಷ ಬೇಕು. ನೀವು ಇಪ್ಪತ್ತಕ್ಕೇ ಮುಗಿಸಿ ಕೂತಿದ್ದೀರಿ!

ಭಾವ: ಇಪ್ಪತ್ತು ನಿಮಿಷದ ಕೆಲಸ ಇಪ್ಪತ್ತು ನಿಮಿಷದಲ್ಲಿ ಮುಗಿಸಿದ್ದಕ್ಕೆ ಬೈಸ್ಕೊಂಡವನು ಲೋಕದಲ್ಲಿ ನಾನೊಬ್ಬನೇ ಇರ್ಬೇಕು.

ಮ್ಯಾನೇಜರ್: ಅಯ್ಯೋ, ಆಡಿದ ಹೊತ್ತು ಮಾತ್ರ ಲೆಕ್ಕ. ಸೀಟಿ ಬಿದ್ದು ನಿಂತ ಹೊತ್ತು ಲೆಕ್ಕಕ್ಕಿಲ್ಲ. ಇಪ್ಪತ್ತರ ಮೂರು ಭಾಗ, ಒಟ್ಟು ಅರವತ್ತು ನಿಮಿಷ.

ಭಾವ: ಆ ಅರವತ್ತು ನಿಮಿಷ ಅಂದ್ರೆ ಎಷ್ಟು ಹೊತ್ತು?

ಮ್ಯಾನೇಜರ್: ಎರಡೂವರೆ ಗಂಟೆ.

ಭಾವ: ಭೇಷ್! ನಮ್ಮಲ್ಲೂ ಅರವತ್ತು ನಿಮಿಷವೇ ಕಣಪ್ಪ. ಹದಿನೈದರ ನಾಲ್ಕು ಭಾಗ. ನಮ್ಮ ಕಾಲದಲ್ಲಿ ಮೂವತ್ತೈದರ ಎರಡಿತ್ತು. ನಡುವೆ ಎರಡೆರಡು ನಿಮಿಷ ನೀರಿಗೆ, ಅರ್ಧಕ್ಕೆ ಹತ್ತು ನಿಮಿಷ. ನೀವಿಲ್ಲಿ ಎರಡನೇ ಭಾಗ ಆಡೋಷ್ಟರಲ್ಲಿ ನಮ್ಮವರು ಮನೇಲಿ ಕೈಕಾಲು ತೊಳ್ಕೊಂಡು ಊಟಕ್ಕೆ ಕೂತಿರ್ತಾರೆ.

ಮ್ಯಾನೇಜರ್: ನಿಮ್ಮಲ್ಲಿ ಗಡಿಯಾರ ನಿಲ್ಲೋದೇ ಇಲ್ವಾ ಹಾಗಾದ್ರೆ?

ಭಾವ: ಯಾಕಿಲ್ಲ? ಪೆನಾಲ್ಟಿ ಕಾರ್ನರ್‌ಗೆ ನಿಲ್ಲುತ್ತೆ. ಯಾರಿಗಾದ್ರೂ ಪೆಟ್ಟು ಬಿದ್ರೆ ನಿಲ್ಲುತ್ತೆ. ಕೆಮ್ಮಿದ್ದಕ್ಕೆ, ಸೀನಿದ್ದಕ್ಕೆಲ್ಲ ನಿಲ್ಲಲ್ಲ.

ಮ್ಯಾನೇಜರ್: ಅದಿರ್ಲಿ. ಶುರುವಾಗೋಕೆ ಮುಂಚೆ ಆಟಗಾರರನ್ನ ತಡೆದು ನಿಲ್ಲಿಸಿದ್ರಂತಲ್ಲ, ಯಾಕೆ?

ಭಾವ: ಒಂದೊಂದು ಕಡೆ ಆರಾರೇ ಜನ ಇಳಿದಿದ್ರು. ಹನ್ನೊಂದು ಆಗ್ಲಿ ತಡೀರಪ್ಪ ಅಂದೆ. ಉಳಿದ ಐದೈದು ಜನಕ್ಕೆ ದಾರೀಲಿ ಏನಾಯ್ತೋ ಅಂತ ನನ್ನ ಜೀವ ಬಾಯಿಗೆ ಬಂದಿತ್ತು.

ಮ್ಯಾನೇಜರ್: ಇಲ್ಲಿ ಆಡೋದೇ ಆರು ಜನ! ಗೋಲ್ ಕೀಪರ್ ಸೇರಿ ಆರು!

ಭಾವ: ಅದಕ್ಕೇ ಹಾಗೆ ಒಬ್ಬರ ಮೇಲೊಬ್ಬರು ಬೀಳೋದು. ಪಾಪ, ಸುಸ್ತು.

ಮ್ಯಾನೇಜರ್: ಬೀಳ್ತಾ ಇಲ್ಲ ಭಾವ, ಬೀಳಿಸ್ತಿದ್ದಾರೆ. ಚೆಂಡಿನ ಬದಲು ಇರೋ ಆ ಬಿಲ್ಲೆ ಯಾರ ಹತ್ರ ಇದ್ಯೋ ಅವನನ್ನ ಭುಜದಲ್ಲಿ ಗುದ್ದಬಹುದು. ನಿಯಮದಲ್ಲೇ ಇದೆ. ನೀವು ನೋಡಿದ್ರೆ ಗಾಜಿಗೆ ಹಸಿರು ಕಾರ್ಡ್ ಒತ್ತಿ ಹಿಡ್ಕೊಂಡು ಕೂಗ್ತಾ ಇದ್ರಿ!

ಭಾವ: ಗುದ್ದಿದವನಿಗೆ ಎರಡು ನಿಮಿಷ ಹೊರಗೆ ಹೋಗೋ ಅಂದೆ. ಅವನು ಟಾಟಾ ಮಾಡಿ ನಕ್ಕು ಹೋದ. ಮೂವತ್ತು ವರ್ಷದಲ್ಲಿ ನನ್ನ ಕಾರ್ಡ್ ನೋಡಿ ಯಾರೂ ನಕ್ಕಿರಲಿಲ್ಲ.

ಮ್ಯಾನೇಜರ್ ಹಣೆ ಚಚ್ಚಿಕೊಂಡ. ಅವನ ಸಂಕಟ ಅವನಿಗೆ. ಅಂಕಣದೊಳಗಿನ ತೀರ್ಪುಗಾರ ಖಡಾಖಂಡಿತವಾಗಿ ಹೇಳಿ ಹೋಗಿದ್ದ: ಮೊದಲ ಭಾಗದಲ್ಲಿ ಗೋಲು ಬಿದ್ದಿಲ್ಲ, ಐಸು ನುಣುಪು ಮಾಡಿಸು, ಮೊದಲಿಂದ ಆಡಿಸುತ್ತೇನೆ; ಇನ್ನೊಂದು ಸಲ ಗಡಿಯಾರ ತಪ್ಪಿದರೆ ಪಂದ್ಯ ರದ್ದು, ಮತ್ತೆ ಈ ಅಂಕಣಕ್ಕೆ ಲೀಗ್ ಪಂದ್ಯ ಕನಸಿನ ಮಾತು. ಲೀಗ್ ಇಲ್ಲದ ಅಂಕಣಕ್ಕೆ ಮ್ಯಾನೇಜರ್ ಯಾಕೆ ಬೇಕು? ಇದನ್ನು ಲೆಕ್ಕ ಹಾಕಲು ಅವನಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಮ್ಯಾನೇಜರ್: ಕೈ ಮುಗೀತೀನಿ, ಏಳಿ ಭಾವ. ಗಾಡಿ ಓಡಿಸಿ ಬಂದು ನಾನೇ ಕೂರ್ತೀನಿ.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಅಕ್ಕ ಬಂದಳು. ಒಂದು ಕೈಯಲ್ಲಿ ಗಂಡ ಮರೆತು ಬಂದಿದ್ದ ಥರ್ಮಾಸ್, ಕಂಕುಳಲ್ಲಿ ಹೆಣಿಗೆಯ ಚೀಲ.

ಅಕ್ಕ: ಯಾರನ್ನೋ ಏಳಿಸ್ತಾ ಇರೋದು?

ಮ್ಯಾನೇಜರ್: ಪಂದ್ಯ ಹಾಳಾಗುತ್ತೆ ಅಕ್ಕ.

ಅಕ್ಕ: ಹಾಳಾದ್ರೆ ಇನ್ನೊಂದು ಪಂದ್ಯ ಬರುತ್ತೆ. ನನ್ನ ತಲೆ ಹಾಳಾದ್ರೆ? ಇವರು ನಿವೃತ್ತಿ ಆದಾಗಿಂದ ಹಾಲು ಉಕ್ಕಿದ್ರೆ ಸೀಟಿ. ಬಾಗಿಲು ಧಡ್ ಅಂದ್ರೆ ಸೀಟಿ. ಪಕ್ಕದ ಮನೆಯವರು ನಮ್ಮ ಗೇಟಿಗೆ ಅಡ್ಡ ಗಾಡಿ ನಿಲ್ಲಿಸಿದ್ರೆ ಹಳದಿ ಕಾರ್ಡ್! ಇವತ್ತು ಬೆಳಿಗ್ಗೆ ನಮ್ಮನೇಲಿ ಫ್ಯಾನ್ ತಿರುಗೋ ಸದ್ದು ಕೇಳಿಸ್ತು ಕಣೋ. ಇವರನ್ನ ವಾಪಸ್ ಕಳಿಸು ನೋಡೋಣ, ಹಿಂದೇನೇ ನಾನು ಪೆಟ್ಟಿಗೆ ಕಟ್ಕೊಂಡು ನಿಮ್ಮನೆಗೆ ಬರ್ತೀನಿ.

ಮ್ಯಾನೇಜರ್: ಹಾಗಾದ್ರೆ ನೀನೇ ಕೇಳು. ಸೀಟಿ ಕೇಳಿದಾಗ ಒಂದು ಗುಂಡಿ ಒತ್ತೋಕೆ ಏನು ರೋಗ ಅಂತ!

ಅಕ್ಕ: ಏನ್ರೀ ನಿಮ್ಮ ಕಷ್ಟ?

ಭಾವ ಥರ್ಮಾಸಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು.

ಭಾವ: ಕಷ್ಟ ಏನಿಲ್ಲ ಕಣೇ. ಮೂವತ್ತು ವರ್ಷ ನಾನು ಊದ್ದೆ, ಇಪ್ಪತ್ತೆರಡು ಜನ ನಿಂತ್ರು. ಈಗ ಅಲ್ಲಿ ಯಾವನೋ ಊದ್ತಾನೆ. ನನ್ನ ಮಗನ ವಯಸ್ಸು ಅವನಿಗೆ. ಕೈ ಗುಂಡಿ ಹತ್ರ ಹೋಗುತ್ತೆ, ಹೋಗಿ ಅಲ್ಲೇ ನಿಂತ್ಬಿಡುತ್ತೆ. ಇನ್ನೊಬ್ಬನ ಸೀಟಿಗೆ ನಾನು ನಿಲ್ಲಿಸೋದು ಅಂದ್ರೆ... ಹೋಗ್ಲಿ ಬಿಡು.

ಮ್ಯಾನೇಜರ್‌ಗೆ ಪಾಪ ಅನ್ನಿಸಿತು. ಪಾಪ ಅನ್ನಿಸಲು ಎಂಥ ಹೊತ್ತು ಸಿಕ್ಕಿತು ಎಂದು ತನ್ನ ಮೇಲೇ ರೇಗಿತು. ಅಕ್ಕ ಮಾತ್ರ ಕುರ್ಚಿ ಎಳೆದು ಗಂಡನ ಪಕ್ಕ ಕೂತಳು.

ಅಕ್ಕ: ನಾನು ನಿಲ್ಸಿ ಅಂದ್ರೆ ನಿಲ್ಲಿಸ್ತೀರಾ?

ಭಾವ: ನೀನಂದ್ರೆ ಬೇರೆ ಮಾತು. ಮನೇಲಿ ಮತ್ತಿನ್ನೇನು ಮಾಡ್ತಿದ್ದೀನಿ?

ಅಕ್ಕ: ಮುಗೀತಲ್ಲ. ಅವನು ಅಲ್ಲಿ ಊದ್ಲಿ, ನಾನು ಇಲ್ಲಿ ನಿಲ್ಸಿ ಅಂತೀನಿ. ನೀವು ನನ್ನ ಮಾತು ಕೇಳಿದ ಹಾಗಾಯ್ತು, ಅವನ ಮಾತು ಕೇಳಿದ ಹಾಗಾಗಲಿಲ್ಲ.

ಮ್ಯಾನೇಜರ್: ಅಕ್ಕ, ನಿನಗೆ ಆಟ ಏನಾದ್ರೂ ಗೊತ್ತಾ?

ಅಕ್ಕ: ಆಟ ಅಂದ್ರೆ ನನಗೆ ವಾಕರಿಕೆ ಕಣೋ. ಮೂವತ್ತು ವರ್ಷ ಕೆಸರು ಕಾಲುಚೀಲ ಒಗೆದಿದ್ದೀನಿ. ತಲೆ ಎತ್ತಿ ನೋಡೋದೂ ಇಲ್ಲ. ಸೀಟಿ ಕೇಳೋಕೆ ಕಿವಿ ಸಾಕಲ್ಲ, ನೀನು ಹೋಗಿ ಗಾಡಿ ಓಡಿಸು.

ಬೇರೆ ದಾರಿಯಿಲ್ಲದೆ ಓಡಿಸಿದ. ಐಸು ನುಣುಪಾಯಿತು, ಅವನು ಬಂದು ಇಬ್ಬರ ಹಿಂದೆ ನಿಂತ, ಆಟ ಮೊದಲಿಂದ ಶುರುವಾಯಿತು. ಅಕ್ಕ ಸ್ವೆಟರ್ ಹೆಣೆಯುತ್ತ, ತಲೆ ಎತ್ತದೆ, ಸೀಟಿ ಬಿದ್ದಾಗ "ನಿಲ್ಸಿ" ಎಂದಳು. ಆಟ ಮತ್ತೆ ಹೊರಟ ಸದ್ದಿಗೆ "ಬಿಡಿ" ಎಂದಳು. ಭಾವ ಒತ್ತಿದರು, ಬಿಟ್ಟರು. ಮೊದಲ ಭಾಗ ಸರಿಯಾಗಿ ನಲವತ್ತು ನಿಮಿಷ ಎಳೆಯಿತು. ತೀರ್ಪುಗಾರ ಗಾಜಿನಾಚೆಯಿಂದ ಹೆಬ್ಬೆರಳು ಎತ್ತಿ ತೋರಿಸಿದಾಗ ಮ್ಯಾನೇಜರ್‌ಗೆ ಹೋದ ಜೀವ ಬಂದಂತಾಯಿತು. ಎರಡನೇ ಭಾಗದಲ್ಲಿ ಹೆಣಿಗೆ ಅಕ್ಕನ ಮಡಿಲಿಗಿಳಿಯಿತು.

ಅಕ್ಕ: ರೀ, ಆ ನೀಲಿ ಅಂಗಿಯವನು ಬೇಕಂತಲೇ ತಳ್ಳಿದ.

ಭಾವ: ನಮ್ಮಲ್ಲಾಗಿದ್ರೆ ಅವನಿಗೆ...

ಅಕ್ಕ: ನಿಮ್ಮಲ್ಲಿನ ಕಥೆ ಮನೇಲಿ ಹೇಳಿ. ನಿಲ್ಸಿ!

ಮೂರನೇ ಭಾಗಕ್ಕೆ ಹೆಣಿಗೆ ನೆಲದ ಮೇಲಿತ್ತು. ಎರಡೂ ಕಡೆ ಎರಡೆರಡು ಗೋಲು, ಉಳಿದದ್ದು ಮೂರು ನಿಮಿಷ. ನೀಲಿ ಅಂಗಿಯವನು ಕೆಂಪು ಅಂಗಿಯವನನ್ನು ಗಾಜಿಗೆ ಅಪ್ಪಳಿಸಿದ. ಕೆಂಪು ಅಂಗಿಯವನು ಕೋಲು ಬಿಸಾಡಿ, ಕೈಗವಸು ಕಿತ್ತೆಸೆದು ಮುಷ್ಟಿ ಬೀಸಿದ. ಸೀಟಿ ಬಿತ್ತು. ಮತ್ತೆ ಬಿತ್ತು. ಗಡಿಯಾರ ಓಡುತ್ತಲೇ ಇತ್ತು.

ಮ್ಯಾನೇಜರ್: ಭಾವ! ಸೀಟಿ! ನಿಲ್ಸಿ!

ಭಾವ: ನೀನು ಹೇಳಿದ್ರಾಗಲ್ಲಪ್ಪ, ಅವಳು ಹೇಳ್ಬೇಕು. ಮಾತು ಅಂದ್ಮೇಲೆ ಮಾತು.

ಮ್ಯಾನೇಜರ್ ಗುಂಡಿಗೆ ಕೈ ಹಾಕಿದ. ಭಾವ ಅದಕ್ಕೆ ಅಂಗೈ ಅಡ್ಡ ಹಿಡಿದರು. ಇನ್ನೂ ಎರಡೂಮುಕ್ಕಾಲು ನಿಮಿಷ. ಎರಡೂವರೆ. ತೀರ್ಪುಗಾರ ಇತ್ತ ತಿರುಗಿ ಎರಡೂ ಕೈ ಬೀಸುತ್ತಿದ್ದ. ಅಕ್ಕ ಎದ್ದು ನಿಂತು ಹಣೆಯನ್ನು ಗಾಜಿಗೆ ಒತ್ತಿದ್ದಳು, ಅವಳ ಉಸಿರಿಗೆ ಗಾಜು ಮಬ್ಬಾಗುತ್ತಿತ್ತು, ಅವಳು ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ನೋಡುತ್ತಿದ್ದಳು.

ಮ್ಯಾನೇಜರ್: ಅಕ್ಕಾ, ನಿನ್ನ ದಮ್ಮಯ್ಯ, ಒಂದೇ ಒಂದು ಮಾತು! ನಿಲ್ಸಿ ಅನ್ನು!

ಅಕ್ಕ: ಸುಮ್ನಿರೋ ಅತ್ಲಾಗೆ! ಯಾಕೋ ನಿಲ್ಸೋದು? ಆಟ ಶುರುವಾಗಿರೋದೇ ಈಗ!